ನೋಸ್ ವೀಲ್ ಒದ್ದಾಡುತ್ತಿದೆಯೇ? ನಟ್ಟಿಗೆ ಸ್ಪ್ಯಾನರ್ ಹಾಕುವ ಮೊದಲು

ಲಗೇಜ್ ಟ್ರಾಲಿಯನ್ನು ಜೋರಾಗಿ ತಳ್ಳಿದರೆ ಮುಂದಿನ ಒಂದು ಗಾಲಿ ಪಟಪಟನೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳುತ್ತದಲ್ಲ, ಅದೇ ಶಿಮ್ಮಿ. ಮನೆಯ ಶೆಡ್ಡಿನಲ್ಲಿ ಕಟ್ಟುವ, ವ್ಯಾನ್ಸ್ ಕಂಪನಿಯ ಆರ್‌ವಿ-6ಎ, 7ಎ, 9ಎ ಥರದ ಕಿಟ್ ವಿಮಾನಗಳ ನೋಸ್ ವೀಲ್, ಅಂದರೆ ಮೂಗಿನ ಕೆಳಗಿನ ಚಕ್ರ ಕೂಡ ಟ್ರಾಲಿ ಗಾಲಿಯ ಜಾತಿಯದೇ. ಸ್ಟಿಯರಿಂಗ್ ಸಂಪರ್ಕವಿಲ್ಲ, ತನ್ನಷ್ಟಕ್ಕೆ ತಿರುಗುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವುದು ಚಕ್ರ ಹಿಡಿದಿರುವ ಕವಲು, ಅಂದರೆ ಫೋರ್ಕು, ತಿರುಗುವ ಪಿವಟ್‌ನಲ್ಲಿ ಕೂತ ಸ್ಪ್ರಿಂಗಿನಂಥ ಬೆಲ್ವಿಲ್ ವಾಷರುಗಳ ಬಿಗಿತ ಮಾತ್ರ. ಹಾಗಾಗಿ ನಡುಕ ಬಂದ ಕೂಡಲೇ ಎಲ್ಲರ ಕೈ ಪಿವಟ್ ನಟ್ಟಿಗೇ ಹೋಗುತ್ತದೆ. ಕೆಲವೊಮ್ಮೆ ಅದೇ ಸರಿಯಾದ ಮದ್ದು. ಆದರೆ ಸವೆದ ಬುಷ್, ವಕ್ರ ಟೈರು, ಬಿಗಿದ ಬೇರಿಂಗ್ ಇದ್ದಾಗ ನಟ್ಟು ಬಿಗಿದರೆ ರೋಗ ಒಳಗೇ ಉಳಿದು, ಇನ್ನೊಂದಷ್ಟು ಗಂಟೆ ಹಾರಿದ ಮೇಲೆ ದೊಡ್ಡದಾಗಿ ಎದ್ದು ಬರುತ್ತದೆ.

ಮೊದಲು ಯಾವ ನಡುಕ ಎಂದು ನೋಡಿ

ಸೀಟಿನಲ್ಲಿ ಕೂತವರಿಗೆ ಎಲ್ಲ ನಡುಕವೂ ಒಂದೇ ಥರ ಅನಿಸುತ್ತದೆ. ಆದ್ದರಿಂದ ಕ್ಯಾಮೆರಾ ಬೇಕು. ಟೈರಿನ ಬದಿಯ ಮೇಲೆ (ಸೈಡ್‌ವಾಲ್) ಬಿಳಿ ಚಾಕ್‌ಪೀಸಿನಲ್ಲಿ ಒಂದು ದಪ್ಪ ಗೆರೆ ಎಳೆಯಿರಿ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಸಣ್ಣ ಕ್ಯಾಮೆರಾವನ್ನು ರೆಕ್ಕೆಯ ಕೆಳಗಿನ ಟೈ-ಡೌನ್ ರಿಂಗಿಗೆ (ವಿಮಾನವನ್ನು ನೆಲಕ್ಕೆ ಕಟ್ಟಿಹಾಕುವ ಬಳೆ), ಪ್ರೊಪೆಲರಿನಿಂದ ದೂರದಲ್ಲಿ, ಎರಡನೇ ದಾರದ ಭದ್ರತೆಯೊಂದಿಗೆ ಕಟ್ಟಿ. ರನ್‌ವೇ ಮೇಲೆ ನಡುಕ ಬರುವ ವೇಗದವರೆಗೆ ಟ್ಯಾಕ್ಸಿ ಮಾಡಿ ಬನ್ನಿ.

ವಿಡಿಯೊದಲ್ಲಿ ಒಂದು ಎಡ ತುದಿಯಿಂದ ಮುಂದಿನ ಎಡ ತುದಿಗೆ ಎಷ್ಟು ಫ್ರೇಮ್ ಎಂದು ಎಣಿಸಿ. 24 ಫ್ರೇಮ್ ಆದರೆ ಸೆಕೆಂಡಿಗೆ 10 ಬಡಿತ. ಅದೇ ತುಣುಕಿನಲ್ಲಿ ಚಾಕ್ ಗೆರೆ ಒಂದು ಸುತ್ತಿಗೆ ಎಷ್ಟು ಫ್ರೇಮ್ ತೆಗೆದುಕೊಂಡಿತು ನೋಡಿ. ಸುಮಾರು 11 ಇಂಚು ವ್ಯಾಸದ ನೋಸ್ ಟೈರು 20 ನಾಟ್ ವೇಗದಲ್ಲಿ ಸೆಕೆಂಡಿಗೆ ಹತ್ತಿರಹತ್ತಿರ 12 ಸುತ್ತು ಹೊಡೆಯುತ್ತದೆ. ಸುತ್ತಿಗೊಂದು ಬಡಿತ ಬಂದು, ವೇಗ ಏರಿದಂತೆ ಬಡಿತವೂ ಏರಿದರೆ ದೋಷ ಚಕ್ರದಲ್ಲೇ ಇದೆ: ಬ್ಯಾಲೆನ್ಸ್ ತಪ್ಪಿದೆ, ಇಲ್ಲವೇ ಟೈರು ದುಂಡಗಿಲ್ಲ. ಎರಡೂ ಲೆಕ್ಕ ತಾಳೆಯಾಗದೆ, ವೇಗ ಬದಲಾದರೂ ಬಡಿತದ ಲಯ ಹೆಚ್ಚುಕಡಿಮೆ ಹಾಗೇ ಇದ್ದರೆ ಅದು ಪಿವಟ್‌ನ ನಿಜವಾದ ಶಿಮ್ಮಿ. ಅಲ್ಲಿ ಟೈರಿನ ಅಡ್ಡ ಬಾಗು ಮತ್ತು ಫೋರ್ಕಿನ ತಿರುವು ಒಂದನ್ನೊಂದು ತಳ್ಳುತ್ತಾ, ವಿಮಾನದ ಓಟದಿಂದಲೇ ಶಕ್ತಿ ಹೀರಿಕೊಳ್ಳುತ್ತಿರುತ್ತವೆ.

ಮೂರನೆಯದೂ ಒಂದಿದೆ. ಫೋರ್ಕ್ ನೇರವಾಗೇ ಇದ್ದು, ಚಕ್ರವನ್ನು ಹೊತ್ತ ಉಕ್ಕಿನ ಕಾಲು ಮುಂದಕ್ಕೂ ಹಿಂದಕ್ಕೂ ಜೀಕುವುದು. ಇದಕ್ಕೆ ಪಿವಟ್ ನಟ್ಟು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಬೇರಿಂಗಿನ ಎಳೆತ, ಟೈರಿನ ವಕ್ರತೆ, ವೀಲ್ ಪ್ಯಾಂಟಿಗೆ (ಚಕ್ರದ ಮೇಲಿನ ಹೊದಿಕೆ) ಟೈರು ಉಜ್ಜುವುದು, ಇವನ್ನು ನೋಡಬೇಕು.

ಚಕ್ರ ಮತ್ತು ಟೈರು

ಮುಖ್ಯ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಬಾಲದ ಟೈ-ಡೌನ್ ರಿಂಗಿನಿಂದ ನೆಲಕ್ಕೆ ಕಟ್ಟಿ ಮೂಗು ಎತ್ತಿ. ಬಾಲದ ಅಡ್ಡ ರೆಕ್ಕೆಯ ಆಡುವ ಭಾಗವಾದ ಎಲಿವೇಟರ್ ಒತ್ತಿ ಎತ್ತಬೇಡಿ, ತಗಡು ಮಡಚಿಕೊಳ್ಳುತ್ತದೆ.

ಗಾಳಿಯ ಒತ್ತಡ ಅತಿ ಅಗ್ಗದ ಪರೀಕ್ಷೆ, ಆದ್ದರಿಂದ ಅದೇ ಮೊದಲು. ನೋಸ್ ಟೈರಿಗೆ ಸಾಮಾನ್ಯವಾಗಿ 25ರಿಂದ 35 ಪಿಎಸ್‌ಐ. 5 ಪಿಎಸ್‌ಐ ಹೆಜ್ಜೆಯಲ್ಲಿ ಏರಿಸಿ ಇಳಿಸಿ ನೋಡಿ. ಕೈಪಿಡಿಯ ಕನಿಷ್ಠಕ್ಕಿಂತ ಕೆಳಗೆ ಹೋದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರಬಹುದು. ಟೈರಿನಿಂದ ರಿಮ್ಮಿಗೆ ಅಡ್ಡಲಾಗಿ ಒಂದು ಬಣ್ಣದ ಗೆರೆ ಬಳಿದಿಟ್ಟರೆ ಜಾರಿದ್ದು ತಕ್ಷಣ ಗೊತ್ತಾಗುತ್ತದೆ.

ಚಕ್ರ ತಿರುಗಿಸಿ, ಟೈರಿಗೆ ತಾಗದಷ್ಟು ಹತ್ತಿರ ಒಂದು ಸ್ಕ್ರೂಡ್ರೈವರ್ ತುದಿ ಹಿಡಿದು ನೋಡಿ. ಅಂತರ ಒಂದೂವರೆ, ಎರಡು ಮಿಲಿಮೀಟರಿಗಿಂತ ಹೆಚ್ಚು ಏರಿಳಿದರೆ ಟೈರು ಸರಿಯಾಗಿ ಕೂತಿಲ್ಲ ಎಂದೇ ನಮ್ಮ ಲೆಕ್ಕ. ಗಾಳಿ ಬಿಟ್ಟು, ಟೈರಿನ ಅಂಚಿಗೆ ಟಾಲ್ಕಮ್ ಹಾಕಿ ಮತ್ತೆ ಕೂರಿಸಿ. ಟೈರಿನ ಮೇಲಿನ ಕೆಂಪು ಚುಕ್ಕೆ ಅದರ ಹಗುರ ಜಾಗ. ಟ್ಯೂಬಿನಲ್ಲಿ ಭಾರದ ಗುರುತಿದ್ದರೆ ಅದರ ಪಕ್ಕಕ್ಕೇ, ಇಲ್ಲದಿದ್ದರೆ ವಾಲ್ವಿನ ಪಕ್ಕಕ್ಕೇ ಬರಲಿ. ಆಮೇಲೂ ಚಕ್ರ ಪ್ರತಿಸಲ ಒಂದೇ ಜಾಗ ಕೆಳಗೆ ಬಂದು ನಿಲ್ಲುತ್ತಿದ್ದರೆ ಎದುರು ಬದಿಯ ರಿಮ್ಮಿನ ಒಳಗೆ ಅಂಟು ತೂಕ ಹಾಕಿ.

ಪ್ಲೇ (ಸಡಿಲ)

ಟೈರಿನ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಟಕ್ ಎಂದರೆ ಬೇರಿಂಗ್. ಚಕ್ರ ಬಿಟ್ಟು ಫೋರ್ಕನ್ನೇ ಮುಂದೆ ಹಿಂದೆ ಅಲ್ಲಾಡಿಸಿ. ಆಗಲೂ ಟಕ್ ಎಂದರೆ ಪಿವಟ್ ಬುಷ್ ಸವೆದಿದೆ. ಬುಷ್ ಬದಲಿಸುವ ತನಕ ಮುಂದಿನ ಅಳತೆಗಳಿಗೆ ಅರ್ಥವಿಲ್ಲ.

ಈಗ ನಟ್ಟು

ಬೇಕಾದದ್ದು: 0ಯಿಂದ 25 ಕೆಜಿಯ ಸ್ಪ್ರಿಂಗ್ ತಕ್ಕಡಿ, ನಟ್ಟು ಸಡಿಲವಾಗದಂತೆ ತಡೆಯುವ ಹೊಸ ಕಾಟರ್ ಪಿನ್ನುಗಳು, ನಟ್ಟಿಗೆ ಸರಿಹೊಂದುವ ಸ್ಪ್ಯಾನರ್. ಚಕ್ರ ನೆಲದಿಂದ ಎದ್ದಿರಬೇಕು. ತಕ್ಕಡಿಯ ಕೊಕ್ಕೆಯನ್ನು ಆಕ್ಸಲ್ ತುದಿಗೆ ಸಿಕ್ಕಿಸಿ, ಫೋರ್ಕಿಗೆ ಲಂಬವಾಗಿ ಪಕ್ಕಕ್ಕೆ ನಿಧಾನವಾಗಿ ಎಳೆಯಿರಿ. ಫೋರ್ಕ್ ಅಲುಗಲು ಶುರುವಾದ ಕ್ಷಣದ ಓದೇ ಲೆಕ್ಕಕ್ಕೆ. ತಿರುಗುತ್ತಿರುವಾಗಿನ ಓದು ಕಡಿಮೆ ಬರುತ್ತದೆ, ಅದನ್ನು ಬರೆದುಕೊಳ್ಳಬೇಡಿ. ಎಡಕ್ಕೆ ಐದು ಸಲ, ಬಲಕ್ಕೆ ಐದು ಸಲ. ಮೇಲೆ ಹೇಳಿದ ಆರ್‌ವಿಗಳಿಗೆ ಗುರಿ 22 ಪೌಂಡ್, ಅಂದರೆ 10 ಕೆಜಿ. ಬೇರೆ ಮಾದರಿಯಾದರೆ ಅದರ ಕೈಪಿಡಿಯ ಅಂಕಿಯನ್ನೇ ಹಿಡಿಯಿರಿ.

ಕಡಿಮೆ ಇದ್ದರೆ ಕಾಟರ್ ಪಿನ್ ತೆಗೆದು, ನಟ್ಟನ್ನು ಒಂದು ಪಿನ್ ಸಂದಿನಷ್ಟು ಮಾತ್ರ ತಿರುಗಿಸಿ ಮತ್ತೆ ಅಳೆಯಿರಿ. ಒಂದೇ ಸಂದಿಗೆ ಓದು ದಿಢೀರನೆ ಎರಡು ಪಟ್ಟಾದರೆ ವಾಷರುಗಳನ್ನು ಬಿಚ್ಚಿ ನೋಡಲೇಬೇಕು. ಬೆಲ್ವಿಲ್ ವಾಷರ್ ಎಂದರೆ ಬಟ್ಟಲಿನಂತೆ ಸ್ವಲ್ಪ ಉಬ್ಬಿದ ಸ್ಪ್ರಿಂಗ್. ನಕ್ಷೆಯಲ್ಲಿ ಬಟ್ಟಲುಗಳನ್ನು ಎದುರುಬದುರು ಇಡಲು ಹೇಳಿದ್ದು, ನೀವು ಒಂದರೊಳಗೊಂದು ಇಟ್ಟಿದ್ದರೆ ಜೋಡಣೆ ಬಹಳ ಗಡಸಾಗುತ್ತದೆ. ಪೂರ್ತಿ ಚಪ್ಪಟೆಯಾದರಂತೂ ಅದು ಬರೀ ತಗಡು. ಕೂದಲೆಳೆಯಷ್ಟು ಸವೆದರೂ ಬಿಗಿತ ಪೂರ್ತಿ ಹೋಗಿಬಿಡುತ್ತದೆ. "ನಿನ್ನೆ ಬಿಗಿದೆ, ಇವತ್ತು ಮತ್ತೆ ಶಿಮ್ಮಿ" ಎಂಬ ದೂರಿನ ಹಿಂದೆ ಇದೂ ಒಂದು.

ಇನ್ನೂ ಬಿಗಿದರೆ ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ. ಅತಿ ಬಿಗಿತದಲ್ಲಿ ಪ್ರತಿ ತಿರುವಿಗೂ ಬ್ರೇಕ್ ಒತ್ತಬೇಕಾಗುತ್ತದೆ. ಟೇಕಾಫ್‌ನಲ್ಲಿ ಓರೆಯಾಗಿ ಎದ್ದ ಚಕ್ರ ಹಾಗೇ ಉಳಿದು, ಇಳಿಯುವಾಗ ಓರೆಯಾಗೇ ನೆಲ ಮುಟ್ಟುತ್ತದೆ.

ಟೈಲ್ ವೀಲ್ (ಬಾಲದ ಚಕ್ರ) ಇದ್ದರೆ

ಇಲ್ಲಿ ಕೋನವೇ ಮುಖ್ಯ. ಇಂಧನ ತುಂಬಿಸಿ, ಇಬ್ಬರನ್ನು ಕೂರಿಸಿ, ಸಮತಟ್ಟು ನೆಲದ ಮೇಲೆ ಪಿವಟ್‌ಗೆ ಡಿಜಿಟಲ್ ಕೋನಮಾಪಕ ಹಚ್ಚಿ. ಪಿವಟ್ ಲಂಬವಾಗಿರಬೇಕು, ಇಲ್ಲವೇ ಅದರ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಎಲೆ ಸ್ಪ್ರಿಂಗ್ ದಣಿದು ಚಪ್ಪಟೆಯಾದಂತೆ ಮೇಲ್ತುದಿ ಮುಂದಕ್ಕೆ ವಾಲುತ್ತದೆ, ಚಕ್ರ ಪಿವಟ್‌ನ ಹಿಂದೆ ಎಳೆದುಕೊಂಡು ಬರುವ ದೂರ ಕಡಿಮೆಯಾಗುತ್ತದೆ, ಶಿಮ್ಮಿ ಶುರು. ಸ್ಪ್ರಿಂಗ್ ಬದಲಿಸಿ, ಇಲ್ಲವೇ ಕಮಾನು ಮತ್ತೆ ಹಾಕಿಸಿ, ಬೆಣೆ ಕೊಟ್ಟು ಕೋನ ಸರಿಪಡಿಸುವುದು ತಾತ್ಕಾಲಿಕ. ಘರ್ಷಣೆ ತಟ್ಟೆಗಳಿಗೆ ಗ್ರೀಸ್ ನುಗ್ಗಿದ್ದರೆ ಬಿಚ್ಚಿ ತೊಳೆಯಿರಿ.

ಮುಖ್ಯ ಚಕ್ರಗಳೇ ನಡುಗಿದರೆ ವಿಷಯ ಬೇರೆ. ಅಮೆರಿಕದ ವಿಮಾನ ವಿನ್ಯಾಸಕ ಸ್ಟೀವ್ ವಿಟ್‌ಮನ್ ಬಳಕೆಗೆ ತಂದ ಉಕ್ಕಿನ ಸರಳಿನ ಕಾಲು ಹಗುರ, ಸರಳ, ಆದರೆ ನಡುಕವನ್ನು ತಾನಾಗಿ ಹೀರಿಕೊಳ್ಳುವುದಿಲ್ಲ. ಬ್ಯಾಲೆನ್ಸ್ ಮಾಡಿ, ಒತ್ತಡ ಇಳಿಸಿ ನೋಡಿದರೂ ಹೋಗದಿದ್ದರೆ ಕಾಲಿನ ಉದ್ದಕ್ಕೂ ಗಟ್ಟಿಮರದ ಪಟ್ಟಿ ಇಟ್ಟು ಫೈಬರ್‌ಗ್ಲಾಸ್ ಬಟ್ಟೆಯಲ್ಲಿ ಎಪಾಕ್ಸಿ ಹಚ್ಚಿ ಸುತ್ತುವುದು ಆರ್‌ವಿ ಕಟ್ಟುವವರ ಹಳೆಯ ಉಪಾಯ. ಸುತ್ತುವ ಮೊದಲು ಉಕ್ಕನ್ನು ಉಜ್ಜಿ, ಎಣ್ಣೆಯ ಅಂಶ ತೆಗೆದಿರಬೇಕು. ಅಂಟು ಬಿಟ್ಟರೆ ಮರ ಅಲ್ಲಿ ಬರೀ ಭಾರ.

ಏನೇ ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅದೇ ಚಾಕ್ ಗೆರೆ, ಅದೇ ಕ್ಯಾಮೆರಾ. ಈ ನಡುವೆ ಲ್ಯಾಂಡಿಂಗ್‌ನಲ್ಲಿ ನೋಸ್ ವೀಲ್ ಒದ್ದಾಡಿದರೆ ಸ್ಟಿಕ್ ಹಿಂದಕ್ಕೆ ಎಳೆದು ಮೂಗಿನ ಭಾರ ಇಳಿಸಿ. ಗಟ್ಟಿ ಬ್ರೇಕ್ ಹಾಕಿದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಹೊಸ ವಾಷರ್ ಹಾಕಿದ್ದರೆ ಐದು ಗಂಟೆ ಹಾರಾಟದ ನಂತರ ಮತ್ತೆ ತಕ್ಕಡಿ ಹಿಡಿಯಿರಿ. ಅವು ಕೂತುಕೊಳ್ಳುವಾಗ ಓದು ಇಳಿದಿರುತ್ತದೆ.