ಫಿಯೆಟ್‌ನ ಮಂಕು ಲೈಟು, ದಂಡವಾದ ಬ್ಯಾಟರಿ

ಸಂಪಾಜೆ ಘಾಟಿಯಲ್ಲಿ ಮಂಜು ಮುಸುಕಿದ ರಾತ್ರಿ. ನನ್ನ ಫಿಯೆಟ್‌ನ ಹೆಡ್‌ಲೈಟಿಗಿಂತ ಸೀಮೆಎಣ್ಣೆ ಬುಡ್ಡಿ ವಾಸಿ ಅನ್ನುವ ಹಾಗಿತ್ತು. ಮುಂದೆ ಹೋಗುತ್ತಿದ್ದ ಲಾರಿಯ ಕೆಂಪು ಲೈಟು ಹಿಡಿದುಕೊಂಡೇ ಮಡಿಕೇರಿ ಮುಟ್ಟಿದೆ.

ಗಾಡಿ 1969ರದ್ದು, ಫಿಯೆಟ್ 1100. ಅಪ್ಪನ ಕಾಲದ್ದು. ಬ್ಯಾಟರಿ ಚಾರ್ಜ್ ಮಾಡಲು ಈಗಿನ ಗಾಡಿಗಳ ಆಲ್ಟರ್ನೇಟರ್ ಅಲ್ಲ, ಹಳೇ ಕಾಲದ ಡೈನಮೋ. ಅಂಗಡಿಯಲ್ಲಿ ತೋರಿಸಿದಾಗ "ಬ್ಯಾಟರಿ ಹೋಗಿದೆ ಸಾರ್" ಅಂದರು. ಹೊಸದು ಹಾಕಿಸಿದೆ. ಲೈಟು ಹಾಗೇ ಇತ್ತು.

ತಪ್ಪು ನನ್ನದೂ ಇದೆ. ಹಳೇ ಬ್ಯಾಟರಿಯಲ್ಲೂ ಸೆಲ್ಫ್ ಒಂದೇ ಏಟಿಗೆ ಎಂಜಿನ್ ಎಬ್ಬಿಸುತ್ತಿತ್ತು. ಸೆಲ್ಫ್ ಮೋಟಾರ್ ನೂರು ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ಎರಡು ಹೆಡ್‌ಲೈಟ್ ಸೇರಿ ಎಳೆಯುವುದು ಏಳೆಂಟು ಆಂಪಿಯರ್. ಅದಕ್ಕೆ ಸಾಲುವ ಬ್ಯಾಟರಿ ಇದಕ್ಕೆ ಸಾಲದಾ? ಇಷ್ಟು ಯೋಚಿಸಿದ್ದರೆ ದುಡ್ಡು ಉಳಿಯುತ್ತಿತ್ತು.

ಆಮೇಲೆ ಮಲ್ಟಿಮೀಟರ್ ಹಿಡಿದು ಕಾಫಿ ಕಣದಲ್ಲಿ ಕೂತೆ. ಗಾಡಿ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್. ಸರಿಯಾಗಿದೆ. ಅಣ್ಣನ ಮಗನನ್ನು ಆಕ್ಸಿಲರೇಟರ್ ಮೇಲೆ ಕೂರಿಸಿದೆ. ಐಡ್ಲಿಂಗ್‌ನಲ್ಲಿ ಡೈನಮೋ ಅಷ್ಟಾಗಿ ಚಾರ್ಜ್ ಮಾಡುವುದಿಲ್ಲ, ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಕೆಂಪು ಲೈಟು ಸಣ್ಣಗೆ ಉರಿಯುತ್ತದೆ, ಅದಕ್ಕೆ ಹೆದರಬೇಕಿಲ್ಲ. ರೇಸ್ ಮಾಡಿದಾಗ 13.8. ಅಂದರೆ ಡೈನಮೋ, ಕಟ್‌ಔಟ್ (ಬ್ಯಾಟರಿಯ ಕರೆಂಟು ಡೈನಮೋಗೆ ವಾಪಸ್ ಹರಿಯದಂತೆ ತಡೆಯುವ ಸ್ವಿಚ್ಚು), ಬೆಲ್ಟು ಎಲ್ಲಾ ಚೆನ್ನಾಗಿವೆ.

ಹೆಡ್‌ಲೈಟ್ ಪ್ಲಗ್ ಕಿತ್ತು ಅಳೆದೆ. ಅಲ್ಲೂ 13.8! ತಲೆ ಕೆಟ್ಟುಹೋಯಿತು.

"ಚಿಕ್ಕಪ್ಪ, ಲೈಟ್ ಉರೀವಾಗಲ್ವಾ ಮಂಕಾಗೋದು? ಉರಿಸ್ಕೊಂಡೇ ಅಳೀರಿ" ಅಂದ ಹುಡುಗ.

ಸರಿಯಾದ ಮಾತು. ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಕರೆಂಟು ಹರಿಯದಿದ್ದರೆ ತುಕ್ಕು ಹಿಡಿದ ಕನೆಕ್ಷನ್ನೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಪ್ಲಗ್ ವಾಪಸ್ ಹಾಕಿ, ಲೈಟ್ ಉರಿಸಿ, ಹಿಂಭಾಗದಿಂದ ಮೀಟರಿನ ಕಡ್ಡಿ ತೂರಿಸಿದೆ: 11.1. ದಾರಿಯಲ್ಲೇ 2.7 ವೋಲ್ಟ್ ಮಾಯ. ವೋಲ್ಟೇಜ್ 10% ಇಳಿದರೆ ಇಂಥ ಬಲ್ಬಿನ ಬೆಳಕು ಸುಮಾರು 30% ಇಳಿಯುತ್ತದೆ. ನನ್ನದು 20% ಇಳಿದಿತ್ತು, ಬೆಳಕು ಅರ್ಧವೂ ಉಳಿದಿರಲಿಲ್ಲ.

ಕಳ್ಳನನ್ನು ಹಿಡಿಯಲು ದಾರಿಯನ್ನು ಎರಡು ಭಾಗ ಮಾಡಿದೆ: ಬಲ್ಬಿಗೆ ಕರೆಂಟು ಬರುವ ಪಾಸಿಟಿವ್ ಕಡೆ, ಗಾಡಿಯ ಬಾಡಿ ಮೂಲಕ ವಾಪಸ್ ಹೋಗುವ ಅರ್ತ್ ಕಡೆ. ಬಲ್ಬಿನ ಅರ್ತ್ ಪಿನ್ನಿಗೆ ಒಂದು ಕಡ್ಡಿ, ಬ್ಯಾಟರಿ ನೆಗೆಟಿವ್‌ಗೆ ಇನ್ನೊಂದು. ಒಳ್ಳೇ ಅರ್ತ್ ಆದರೆ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಬಂದಿದ್ದು 1.6. ಇನ್ನೊಂದು ಹೆಡ್‌ಲೈಟಿನದ್ದೂ ಅದೇ ಕಥೆ. ಉಳಿದ 1.1 ಪಾಸಿಟಿವ್ ಕಡೆಯದ್ದು.

ಬ್ಯಾಟರಿ ವೈರ್ ಬಿಚ್ಚಿಟ್ಟು ಅರ್ತ್ ಸ್ಕ್ರೂ ತೆಗೆದೆ. ವಾಷರ್ ಅಡಿಯಲ್ಲಿ ದಪ್ಪ ಪೇಂಟ್! ಎರಡು ವರ್ಷದ ಹಿಂದೆ ಮಡ್‌ಗಾರ್ಡಿಗೆ ಪೇಂಟ್ ಹೊಡೆಸಿದ್ದೆ. ಅರ್ತ್ ಕೂರುವ ಜಾಗಕ್ಕೂ ಬಳಿದುಬಿಟ್ಟಿದ್ದರು. ಸ್ಕ್ರೂವಿನ ಎಳೆಗಳಲ್ಲಷ್ಟೇ ಕರೆಂಟು ನುಸುಳುತ್ತಿತ್ತು. ಅಲ್ಲಿಗೆ ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ತಿಂಗಳ) ಮಳೆ ಎರಡು ಸಲ ಬಿದ್ದಿತ್ತು. ತಾಮ್ರದ ತುದಿ ಉಜ್ಜಿದರೆ ಹಸಿರು ಪುಡಿ ಉದುರಿತು. ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಎಮರಿಯಲ್ಲಿ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಅರ್ತ್ ಕಡೆ 0.1ಕ್ಕೆ ಇಳಿಯಿತು.

ಪಾಸಿಟಿವ್ ಕಡೆ ಫ್ಯೂಸ್ ಕ್ಲಿಪ್‌ಗಳು ಅರ್ಧ ವೋಲ್ಟ್ ತಿನ್ನುತ್ತಿದ್ದವು. ಉಜ್ಜಿ ಬಿಗಿ ಮಾಡಿದೆ. ಮಿಕ್ಕಿದ್ದು ಹಳೇ ಸ್ವಿಚ್ಚು, ವೈರು. ಸ್ವಿಚ್ಚಿನ ಮೇಲೆ ಭಾರ ಬೀಳದ ಹಾಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್-ಆಫ್ ಮಾಡುವ ಸಾಧನ) ಹಾಕಿ, ಬ್ಯಾಟರಿಯಿಂದ ಫ್ಯೂಸ್ ಸಮೇತ ಹೊಸ ದಪ್ಪ ವೈರ್ ಎಳೆದೆ. ಹಳೇ ಗಾಡಿಯ ಅಂದ ಕೆಡುತ್ತದೆ ಅನ್ನುವವರಿದ್ದಾರೆ. ರಾತ್ರಿ ಘಾಟಿ ಇಳಿಯುವವನು ನಾನು ತಾನೇ!

ಈಗ ಬಲ್ಬಿನಲ್ಲಿ 13.4. ಹಳೇ ಬ್ಯಾಟರಿಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟಿದ್ದೆ, ಅದೊಂದೇ ಬೇಜಾರು. ಆನೆ ತಡೆಯುವ ಸೋಲಾರ್ ಬೇಲಿಗಾದರೂ ಆಗುತ್ತಿತ್ತು.