ಪಾಯಿಂಟರ್ ಲೆಕ್ಕಕ್ಕೆ ಕಡಿವಾಣ: ಕ್ಲ್ಯಾಂಗ್‌ಗೆ ನಾನು ಸೇರಿಸಿದ ಆಯ್ಕೆ

ನಮ್ಮ ತಂಡ ಫರ್ಮ್‌ವೇರ್ (ಸಾಧನದೊಳಗೇ ಕೂರುವ ಸಾಫ್ಟ್‌ವೇರ್) ಬರೆಯುವುದು ಸಿ ಭಾಷೆಯಲ್ಲಿ. ಸಿ ಬಿಟ್ಟುಕೊಡುವುದೆಲ್ಲ ನಮಗೆ ಬೇಕಿಲ್ಲ. ಪ್ರೋಗ್ರಾಂ ಓಡುವಾಗ ಉದ್ದ ತೀರ್ಮಾನವಾಗುವ ಅರೇಗಳನ್ನೇ ನೋಡಿ, ಸ್ಟ್ಯಾಕ್ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿ) ಎಷ್ಟು ಬೇಕಾಗುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ. ಅವಕ್ಕೆ ಜಿಸಿಸಿ, ಕ್ಲ್ಯಾಂಗ್ ಎರಡೂ ಸಿ ಕಂಪೈಲರ್‌ಗಳಲ್ಲಿ ಎಚ್ಚರಿಕೆ ಇದೆ. ಲಿನಕ್ಸ್ ಕರ್ನಲ್ 2018ರಲ್ಲಿ, 4.20ನೇ ಆವೃತ್ತಿಯ ಹೊತ್ತಿಗೆ ಅಂಥ ಅರೇಗಳನ್ನು ಬಿಟ್ಟಿತು. ನಾವೂ ಬಿಟ್ಟೆವು.

ಪಾಯಿಂಟರ್‌ಗೆ, ಅಂದರೆ ಮೆಮೊರಿ ವಿಳಾಸಕ್ಕೆ, ಕೂಡಿ ಕಳೆಯುವುದನ್ನು ತಡೆಯುವುದು ಉಳಿದಿತ್ತು; ಲೆಕ್ಕ ತಪ್ಪಿದರೆ ಅದು ಅರೇಯ ಆಚೆಗೆ ಹೋಗಿಬಿಡುತ್ತದೆ. ಕ್ಲ್ಯಾಂಗ್ 16ರಲ್ಲಿ ಬಂದ ಅಸುರಕ್ಷಿತ ಬಫರ್ ಎಚ್ಚರಿಕೆಯನ್ನು ಸಿ++ಗಾಗಿ ಮಾಡಿದ್ದಾರೆ. ಹಾಗಾಗಿ ನಮ್ಮದೇ ಆಯ್ಕೆಯೊಂದನ್ನು ಬರೆದೆ.

ಕ್ಲ್ಯಾಂಗ್‌ನ ಎಚ್ಚರಿಕೆಗಳ ಪಟ್ಟಿ ಟೇಬಲ್‌ಜೆನ್ ಫೈಲ್‌ಗಳಲ್ಲಿದೆ; ಅವುಗಳಿಂದ ಕೋಡ್ ತಾನಾಗೇ ತಯಾರಾಗುತ್ತದೆ. ಅಲ್ಲಿ ಒಂದು ಗುಂಪು, ಒಂದು ಸಂದೇಶ ಸೇರಿಸಿದರೆ ಕಮಾಂಡ್ ಲೈನ್ ಆಯ್ಕೆ ತಾನಾಗೇ ಬರುತ್ತದೆ. ಆ ಎಚ್ಚರಿಕೆಯನ್ನು ಕಂಪೈಲ್ ನಿಲ್ಲಿಸುವ ಎರರ್ ಮಾಡುವ ಸೌಲಭ್ಯವೂ ಜೊತೆಗೇ ಸಿಗುತ್ತದೆ.

ನಿಜವಾದ ಕೆಲಸ ಇರುವುದು ಸೆಮಾದಲ್ಲಿ, ಅಂದರೆ ಕೋಡ್‌ನ ಅರ್ಥ, ಟೈಪ್‌ಗಳನ್ನು ಪರೀಕ್ಷಿಸುವ ಕ್ಲ್ಯಾಂಗ್‌ನ ಭಾಗದಲ್ಲಿ. ಕೂಡುವುದನ್ನು ಒಂದು ಫಂಕ್ಷನ್ ನೋಡುತ್ತದೆ, ಕಳೆಯುವುದನ್ನು ಇನ್ನೊಂದು. ++ ಮತ್ತು -- ಬೇರೆ ಕಡೆ ಹೋಗುತ್ತವೆ, ಇಂಡೆಕ್ಸ್ ಮತ್ತೊಂದು ಕಡೆ. ಇಂಡೆಕ್ಸ್ ಬಗ್ಗೆಯೇ ಜಾಸ್ತಿ ಯೋಚಿಸಬೇಕಾಯಿತು. ಉದ್ದ ಗೊತ್ತಿರುವ ಅರೇಯನ್ನು ಬಿಡಬಹುದು, ಅಲ್ಲಿ ಮಿತಿ ಮೀರಿದರೆ ಪ್ರೋಗ್ರಾಂ ಓಡುವಾಗ ತಪ್ಪು ಹುಡುಕುವ ಸ್ಯಾನಿಟೈಸರ್ ಹಿಡಿಯುತ್ತದೆ. ಬರೀ ಪಾಯಿಂಟರ್ ಆದರೆ ಬಿಡಬಾರದು. ಆದರೆ ಅಷ್ಟು ಹೊತ್ತಿಗೆ ಅರೇಯೂ ಪಾಯಿಂಟರ್ ಆಗಿಬಿಟ್ಟಿರುತ್ತದೆ ಅಲ್ವಾ? ಪುಣ್ಯಕ್ಕೆ ಕ್ಲ್ಯಾಂಗ್ ಈ ಬದಲಾವಣೆಯನ್ನು ಒಂದು ಕಾಸ್ಟ್ (ಟೈಪ್ ಬದಲಾವಣೆಯ ಗುರುತು) ಆಗಿ, ಕೋಡ್‌ನ ರಚನೆ ಹಿಡಿದಿಡುವ ಸಿಂಟ್ಯಾಕ್ಸ್ ಟ್ರೀಯಲ್ಲಿ ಉಳಿಸಿಕೊಂಡಿರುತ್ತದೆ. ಅದನ್ನು ದಾಟಿ ಒಳಗೆ ನೋಡಿದರೆ ಮೂಲ ಟೈಪ್ ಸಿಗುತ್ತದೆ. ಫಂಕ್ಷನ್ ಪ್ಯಾರಾಮೀಟರ್ ಮಾತ್ರ ಬೇರೆ. ಅಲ್ಲಿ ಅರೇ ಎಂದು ಬರೆದರೂ ಅದು ಪಾಯಿಂಟರೇ. ಎಚ್ಚರಿಕೆ ಬರಲೇಬೇಕಾದ ಜಾಗ ಅದು, ಉದ್ದದ ಲೆಕ್ಕ ತಪ್ಪಿಹೋಗುವುದೇ ಅಲ್ಲಿ.

ಆಯ್ಕೆಯನ್ನು ಒಮ್ಮೆಲೇ ಎಲ್ಲ ಕೋಡ್‌ಗೂ ಹಾಕಲಿಲ್ಲ. ಹಳೆಯ ಕೋಡ್ ಮೇಲೆ ಎಚ್ಚರಿಕೆಗಳ ರಾಶಿ ಸುರಿದರೆ ಯಾರೂ ಓದುವುದಿಲ್ಲ. ಒಂದು ಫೈಲ್ ಶುದ್ಧವಾದ ಕೂಡಲೇ, ಬಿಲ್ಡ್ ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಿ ಆ ಫೈಲ್‌ಗೆ ಮಾತ್ರ ಎಚ್ಚರಿಕೆಯನ್ನು ಎರರ್ ಮಾಡಿದೆವು. ಮತ್ತೆ ಹಿಂದಕ್ಕೆ ಜಾರಲು ದಾರಿ ಇರಲಿಲ್ಲ. ಹೊರಗಿನ ಲೈಬ್ರರಿಗಳ ಹೆಡರ್‌ಗಳನ್ನು ಸಿಸ್ಟಮ್ ಹೆಡರ್ ಎಂದು ಗುರುತಿಸಿದರೆ ಕ್ಲ್ಯಾಂಗ್ ಸುಮ್ನಿರುತ್ತದೆ.

ಹಾರ್ಡ್‌ವೇರ್ ಜೊತೆ ನೇರವಾಗಿ ವ್ಯವಹರಿಸುವ ಡ್ರೈವರ್ ಕೋಡ್‌ಗೆ ವಿನಾಯಿತಿ ಕೊಡಲೇಬೇಕು. ಅದನ್ನು ಮೇಕ್‌ಫೈಲ್‌ನಲ್ಲಿ ಅಡಗಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಬೇಕಾದ ಸಾಲುಗಳ ಸುತ್ತ ಮಾತ್ರ ಎಚ್ಚರಿಕೆ ನಿಲ್ಲಿಸುವ ಪ್ರಾಗ್ಮಾ (ಕಂಪೈಲರ್‌ಗೆ ಕೋಡ್‌ನಲ್ಲೇ ಬರೆಯುವ ಸೂಚನೆ), ಪಕ್ಕದಲ್ಲೇ ಕಾರಣದ ಕಾಮೆಂಟ್. ಪದ ಹುಡುಕುವ ಗ್ರೆಪ್ ಕಮಾಂಡ್ ಹಾಕಿದರೆ ಅಪಾಯದ ಜಾಗಗಳೆಲ್ಲ ಒಟ್ಟಿಗೆ ಕಾಣುತ್ತವೆ. ಕೋಡ್ ರಿವ್ಯೂ ಈಗ ಅಲ್ಲಿಂದಲೇ ಶುರು.