ಹಳೆಯ ಗಾಡಿಯ ಹಿಂದಿನ ಶಾಕಪ್ ಬದಲಿಸುವ ಬಗೆ

ಹದಿನೈದು ಇಪ್ಪತ್ತು ವರ್ಷ ಓಡಿದ ಮೋಟಾರ್ ಸೈಕಲ್ಲಿನ ಎಂಜಿನ್ನು ಇನ್ನೂ ಚೆನ್ನಾಗಿರುವಾಗಲೇ ಅದರ ಹಿಂದಿನ ಶಾಕಪ್‌ಗಳು, ಅಂದರೆ ರಸ್ತೆಯ ಏಟನ್ನು ನುಂಗುವ ಶಾಕ್ ಅಬ್ಸಾರ್ಬರುಗಳು, ಸತ್ತುಹೋಗಿರುತ್ತವೆ. ಅವು ಒಂದೇ ದಿನದಲ್ಲಿ ಕೆಡುವುದಿಲ್ಲವಾದ್ದರಿಂದ ಗಾಡಿ ಓಡಿಸುವವನಿಗೆ ಅದು ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಹಿಂದೆ ಕುಳಿತವರಿಗೆ. 2003ರಲ್ಲಿ ಕೊಂಡ ನನ್ನ ಹೀರೋ ಹೋಂಡಾ ಸ್ಪ್ಲೆಂಡರ್ ಮೇಲೆ ಮುಧೋಳದ ಸಂತೆಗೆ ಹೋಗಿ ಬಂದಾಗಲೆಲ್ಲ ನಮ್ಮ ಮನೆಯವರು ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದರು. ವಯಸ್ಸಾಯಿತು, ಅದಕ್ಕೇ ಹೀಗಾಗುತ್ತಿದೆ ಎಂದು ನಾವಿಬ್ಬರೂ ಒಂದು ವರ್ಷ ಸುಮ್ಮನಿದ್ದೆವು. ಶಾಕಪ್ ಬದಲಿಸಿದ ಮೇಲೆ ಅದೇ ರಸ್ತೆಯಲ್ಲಿ ಅವರು ಸರಾಗವಾಗಿ ಕುಳಿತು ಬಂದದ್ದನ್ನು ಕಂಡಾಗ, ಆ ಒಂದು ವರ್ಷದ ನೋವನ್ನು ತಪ್ಪಿಸಬಹುದಾಗಿತ್ತೆಂದು ನನಗೆ ನಿಜವಾಗಿಯೂ ಬೇಸರವಾಯಿತು. ಆದ್ದರಿಂದ ಮನೆಯ ಹಿರಿಯರನ್ನು, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವ ಪ್ರತಿಯೊಬ್ಬರೂ ಈ ಕೆಲಸವನ್ನು ತಿಳಿದುಕೊಂಡಿರಬೇಕೆಂಬುದು ನನ್ನ ಆಸೆ.

ನಮ್ಮ ಮುಧೋಳ, ಜಮಖಂಡಿ ಸೀಮೆಯಲ್ಲಿ ಶಾಕಪ್ ಬೇಗ ಸವೆಯುವುದಕ್ಕೆ ನೆಲವೇ ಒಂದು ಕಾರಣ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಕೆಲವೇ ವರ್ಷಗಳಲ್ಲಿ ಅಲೆ ಅಲೆಯಾಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಓಡಾಡಿ ಆ ಅಲೆಗಳನ್ನು ತಗ್ಗುಗಳನ್ನಾಗಿ ಮಾಡುತ್ತವೆ. ಇದರ ಜೊತೆಗೆ ಗಾಡಿಯ ಎರಡೂ ಬದಿಗೆ ಹಾಲಿನ ಕ್ಯಾನು, ಸೀಟಿನ ಮೇಲೆ ಗೊಬ್ಬರದ ಚೀಲ ಹೇರುವುದು ನಮ್ಮಲ್ಲಿ ದಿನನಿತ್ಯದ ಮಾತು.

ಶಾಕಪ್‌ನಲ್ಲಿ ಎರಡು ಕೆಲಸಗಾರರಿದ್ದಾರೆ. ಹೊರಗೆ ಕಾಣುವ ಸ್ಪ್ರಿಂಗು ಭಾರವನ್ನು ಹೊತ್ತು ಏಟನ್ನು ನುಂಗಿಕೊಳ್ಳುತ್ತದೆ, ಆದರೆ ನುಂಗಿದ್ದನ್ನು ಹಾಗೆಯೇ ಹಿಂದಕ್ಕೆ ಚಿಮ್ಮುವುದು ಅದರ ಗುಣ. ಆ ಚಿಮ್ಮುವಿಕೆಯನ್ನು ತಡೆಯುವುದು ಒಳಗಿನ ಕೊಳವೆಯಲ್ಲಿರುವ ಎಣ್ಣೆ. ಪಿಸ್ಟನ್ನಿನ ಸಣ್ಣ ತೂತುಗಳ ಮೂಲಕ ಎಣ್ಣೆ ಹಾದುಹೋಗುವಾಗ ಕುಣಿತದ ಶಕ್ತಿಯೆಲ್ಲ ಶಾಖವಾಗಿ ಕರಗುತ್ತದೆ. ಪಿಸ್ಟನ್ನಿನ ಕಡ್ಡಿಯ ಸುತ್ತಲಿನ ರಬ್ಬರ್ ಸೀಲು ಗಡುಸಾಗಿ ಅಥವಾ ಮಣ್ಣಿನ ಕಣ ಸಿಕ್ಕಿ ಹರಿದಾಗ ಎಣ್ಣೆ ಸೋರಿಹೋಗುತ್ತದೆ, ಸ್ಪ್ರಿಂಗು ಮಾತ್ರ ಉಳಿಯುತ್ತದೆ. ಅಂಥ ಗಾಡಿಯ ಹಿಂದಿನ ಗಾಲಿ ತಗ್ಗಿಗೆ ಬಿದ್ದ ಮೇಲೆ ನೆಲ ಬಿಟ್ಟು ಪುಟಿಯುತ್ತದೆ, ನೆಲ ಬಿಟ್ಟ ಗಾಲಿಗೆ ಬ್ರೇಕು ಹಿಡಿದೂ ಪ್ರಯೋಜನವಿಲ್ಲ. ಇದು ಸೊಂಟನೋವಿಗಿಂತ ದೊಡ್ಡ ಅಪಾಯವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪರೀಕ್ಷೆ ಸುಲಭವಾಗಿದೆ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಒಬ್ಬರು ಹ್ಯಾಂಡಲ್ ಹಿಡಿದಿರುವಾಗ ಇನ್ನೊಬ್ಬರು ಸೀಟಿನ ಹಿಂತುದಿಯನ್ನು ಎರಡೂ ಕೈಯಿಂದ ಜೋರಾಗಿ ಅದುಮಿ ಬಿಡಬೇಕು. ಒಮ್ಮೆ ಮೇಲೆದ್ದು ನಿಂತರೆ ಶಾಕಪ್ ಇನ್ನೂ ಬದುಕಿದೆ. ಎರಡು ಮೂರು ಸಲ ತೊಟ್ಟಿಲಿನಂತೆ ತೂಗಿದರೆ ಅದರ ಕಾಲ ಮುಗಿದಿದೆ. ಕೊಳವೆಯ ಮೇಲೆ ಎಣ್ಣೆಗೆ ಧೂಳು ಮೆತ್ತಿಕೊಂಡು ಕಪ್ಪಾದ ಪಟ್ಟಿ ಕಂಡರೆ, ಇಬ್ಬರು ಕುಳಿತಾಗ ತಗ್ಗಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂದರೆ, ಪರೀಕ್ಷೆಯೂ ಬೇಕಾಗಿಲ್ಲ.

ಒಂದೇ ಬದಿಯದು ಸೋರುತ್ತಿದ್ದರೂ ಎರಡನ್ನೂ ಬದಲಿಸಬೇಕು. ನಾನು ಮೊದಲ ಸಲ ಹಣ ಉಳಿಸಲೆಂದು ಎಡಗಡೆಯದನ್ನು ಮಾತ್ರ ಹಾಕಿಸಿದ್ದೆ. ಹೊಸದು ಗಟ್ಟಿ, ಹಳೆಯದು ಮೆತ್ತಗೆ. ತಿರುವಿನಲ್ಲಿ ಗಾಡಿಯ ಹಿಂಭಾಗ ಸೊಟ್ಟಗೆ ಎಳೆದಂತಾಗುತ್ತಿತ್ತು, ಭಾರವೆಲ್ಲ ಹೊಸದರ ಮೇಲೆಯೇ ಬಿದ್ದು ವರ್ಷ ತುಂಬುವುದರೊಳಗೆ ಅದೂ ಸೋರತೊಡಗಿತು. ಕೊಳ್ಳುವಾಗ ಹಳೆಯದನ್ನು ಅಳೆದುಕೊಂಡು ಹೋಗಿರಿ: ಬೋಲ್ಟು ಹೋಗುವ ತುದಿಯ ಬಳೆಗೆ ಕಣ್ಣು ಎನ್ನುತ್ತಾರೆ; ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿನವರೆಗಿನ ಉದ್ದ, ಎರಡೂ ಕಣ್ಣುಗಳ ತೂತಿನ ಅಳತೆ, ಕಣ್ಣಿನೊಳಗಿನ ರಬ್ಬರ್ ಬುಶ್ಶಿನ ಅಗಲ, ಇವು ಸರಿಹೊಂದಬೇಕು. ಉದ್ದವಾದುದನ್ನು ಹಾಕಿದರೆ ಗಾಡಿ ಎತ್ತರವಾಗಿ ಚೆನ್ನಾಗಿ ಕಾಣುತ್ತದೆಂದು ಕೆಲವು ಹುಡುಗರು ಹಾಗೆ ಮಾಡುತ್ತಾರೆ. ಅದರಿಂದ ಚೈನಿನ ಬಿಗಿತವೂ ಮುಂಭಾಗದ ವಾಲಿಕೆಯೂ ಬದಲಾಗಿ ಗಾಡಿಯ ಹಿಡಿತ ಕೆಡುತ್ತದೆ, ದಯವಿಟ್ಟು ಬೇಡ.

ಕೆಲಸಕ್ಕೆ ಕೂರುವ ಹಿಂದಿನ ರಾತ್ರಿ ನಾಲ್ಕೂ ನಟ್ಟು ಬೋಲ್ಟುಗಳ ಮೇಲಿನ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ತುಕ್ಕು ಸಡಿಲಿಸುವ ಸ್ಪ್ರೇಯನ್ನು ಹೊಡೆದಿಡಿ. ಸ್ಪ್ರೇ ಇಲ್ಲದಿದ್ದರೆ ಸ್ವಲ್ಪ ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಹನಿ ಹನಿಯಾಗಿ ಬಿಟ್ಟರೂ ನಡೆಯುತ್ತದೆ, ಆದರೆ ಅದು ಟೈರಿಗೆ ಮತ್ತು ಬ್ರೇಕಿನ ಡ್ರಮ್ಮಿಗೆ ತಾಗದಂತೆ ಬಟ್ಟೆ ಮುಚ್ಚಿರಬೇಕು. ಬಾಯಿ ತೆರೆದ ಪಾನಾಗಳಿಗಿಂತ (ಸ್ಪ್ಯಾನರುಗಳಿಗಿಂತ) ರಿಂಗ್ ಪಾನಾ ಅಥವಾ ಬಾಕ್ಸ್ ಪಾನಾ ಉತ್ತಮ; ವರ್ಷಗಟ್ಟಲೆ ಕದಲದ ನಟ್ಟಿಗೆ ಬಾಯಿ ಪಾನಾ ಹಾಕಿ ಒತ್ತಿದರೆ ಮೂಲೆಗಳು ಸವೆದು ನಟ್ಟು ಗುಂಡಗಾಗುತ್ತದೆ, ಆಮೇಲೆ ಉಳಿಯೇ ಗತಿ.

ಮರುದಿನ ಗಾಡಿಯನ್ನು ಗಟ್ಟಿ ನೆಲದ ಮೇಲೆ ದೊಡ್ಡ ಸ್ಟ್ಯಾಂಡಿಗೆ ಹಾಕಿ. ಅಂಗಳ ಮಣ್ಣಿನದಾಗಿದ್ದರೆ ಸ್ಟ್ಯಾಂಡಿನ ಕೆಳಗೆ ಅಗಲವಾದ ಹಲಗೆ ಇಡಿ. ಹೀಗೆ ನಿಂತಾಗ ಹಿಂದಿನ ಗಾಲಿ ಗಾಳಿಯಲ್ಲಿ ತೂಗುತ್ತಿರುತ್ತದೆ, ಅದರ ಭಾರವನ್ನು ಹಿಡಿದಿರುವುದು ಶಾಕಪ್‌ಗಳೇ. ಆದ್ದರಿಂದ ಟೈರಿಗೆ ತಾಗುವಷ್ಟು ಎತ್ತರದ ಮರದ ತುಂಡನ್ನು ಕೆಳಗೆ ಸೇರಿಸಿದರೆ ಬೋಲ್ಟಿನ ಮೇಲಿನ ಎಳೆತ ಕಡಿಮೆಯಾಗಿ ಅದು ಸಲೀಸಾಗಿ ಹೊರಗೆ ಬರುತ್ತದೆ. ಎರಡೂ ಶಾಕಪ್‌ಗಳನ್ನು ಒಟ್ಟಿಗೆ ಎಂದಿಗೂ ಬಿಚ್ಚಬಾರದು. ಒಂದು ಬದಿಯನ್ನು ಬಿಚ್ಚಿ ಅಲ್ಲಿಗೆ ಹೊಸದನ್ನು ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು; ಆಗ ಗಾಲಿ ತನ್ನ ಜಾಗದಲ್ಲಿಯೇ ನಿಂತಿರುತ್ತದೆ, ತೂತಿಗೆ ತೂತು ಹೊಂದಿಸಲು ಗುದ್ದಾಡಬೇಕಾಗುವುದಿಲ್ಲ.

ಕೆಲವು ಗಾಡಿಗಳಲ್ಲಿ ಹಿಂದೆ ಕುಳಿತವರು ಹಿಡಿಯುವ ಹಿಡಿಕೆ, ಕ್ಯಾರಿಯರ್, ಸೀರೆ ಗಾರ್ಡ್ ಇವು ಶಾಕಪ್‌ನ ಬೋಲ್ಟಿಗೇ ಸೇರಿಕೊಂಡಿರುತ್ತವೆ. ಬಲಗಡೆಯ ಕೆಳಬೋಲ್ಟಿಗೆ ಸೈಲೆನ್ಸರ್ ಅಡ್ಡಬಂದರೆ ಅದನ್ನು ಹಿಡಿದಿರುವ ಬೋಲ್ಟನ್ನು ಸಡಿಲಿಸಿ ಸ್ವಲ್ಪ ಕೆಳಗಿಳಿಸಿದರೆ ಸಾಕು. ಎಂಜಿನ್ನು ಪೂರ್ತಿ ತಣ್ಣಗಿರುವಾಗ ಮಾತ್ರ ಇದನ್ನು ಮಾಡಬೇಕು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಎರಡೂ ಬದಿಯ ಚಿತ್ರ ತೆಗೆದುಕೊಳ್ಳಿ, ಬಿಚ್ಚಿದ ವಾಶರುಗಳನ್ನು ಹಳೆಯ ಪತ್ರಿಕೆಯ ಮೇಲೆ ಬಂದ ಕ್ರಮದಲ್ಲಿಯೇ ಜೋಡಿಸುತ್ತ ಹೋಗಿ. ದೊಡ್ಡ ವಾಶರು ಒಳಗಿತ್ತೋ ಹೊರಗಿತ್ತೋ ಎಂಬ ಅನುಮಾನ ಸಂಜೆಯ ಹೊತ್ತಿಗೆ ಬಂದೇ ಬರುತ್ತದೆ. ಬೋಲ್ಟು ಕದಲದಿದ್ದರೆ ನಟ್ಟನ್ನು ಅದರ ತುದಿಯವರೆಗೆ ತಿರುಗಿಸಿಟ್ಟು, ಮೇಲೆ ಮರದ ತುಂಡು ಹಿಡಿದು ಮೆಲ್ಲಗೆ ತಟ್ಟಿ. ಬರಿ ಬೋಲ್ಟಿನ ಮೇಲೆ ಸುತ್ತಿಗೆ ಬಿದ್ದರೆ ಅದರ ಎಳೆಗಳು ಹಾಳಾಗುತ್ತವೆ.

ಹಳೆಯದು ಹೊರಬಂದ ಕೂಡಲೇ ಅದನ್ನು ಹೊಸದರ ಪಕ್ಕದಲ್ಲಿ ನಿಲ್ಲಿಸಿ ಮತ್ತೊಮ್ಮೆ ಹೋಲಿಸಿ ನೋಡಿ. ಯಾವ ತುದಿ ಮೇಲಿತ್ತು, ಬಿಗಿತ ಬದಲಿಸುವ ಮೆಟ್ಟಿಲುಗಳಿರುವ ಉಂಗುರ ಯಾವ ಕಡೆಗಿತ್ತು, ಎಡ ಬಲದ ಗುರುತುಗಳೇನಾದರೂ ಇವೆಯೇ ಎಂಬುದನ್ನು ಗಮನಿಸಿ. ಬೋಲ್ಟುಗಳನ್ನೂ ಚೌಕಟ್ಟಿನ ಗೂಟಗಳನ್ನೂ ತಂತಿ ಬ್ರಶ್ಶಿನಿಂದ ಉಜ್ಜಿ ತುಕ್ಕು ತೆಗೆದು, ತೆಳ್ಳಗೆ ಗ್ರೀಸ್ ಸವರಿ. ಎಳೆಗಳಿಗೂ ರಬ್ಬರ್ ಬುಶ್ಶಿಗೂ ಅದು ತಾಗಬಾರದು. ಮೊದಲು ಮೇಲಿನ ಕಣ್ಣನ್ನು ಕೂರಿಸಿ, ಆಮೇಲೆ ಟೈರಿನ ಕೆಳಗಿನ ಮರದ ತುಂಡನ್ನು ಒಂದಿಷ್ಟು ಒಳಕ್ಕೋ ಹೊರಕ್ಕೋ ಸರಿಸಿ ಗಾಲಿಯ ಎತ್ತರ ಹೊಂದಿಸಿಕೊಂಡರೆ ಕೆಳಗಿನ ಬೋಲ್ಟು ಕೈಯಿಂದಲೇ ಒಳಗೆ ಹೋಗುತ್ತದೆ. ಕೈಯಿಂದ ಹೋಗದ ಬೋಲ್ಟನ್ನು ಪಾನಾದಿಂದ ತುರುಕಬೇಡಿ.

ಬಿಗಿಯುವ ವಿಷಯದಲ್ಲಿ ಅನೇಕ ಗ್ಯಾರೇಜುಗಳಲ್ಲಿಯೂ ತಪ್ಪು ನಡೆಯುವುದನ್ನು ಕಂಡಿದ್ದೇನೆ. ಗಾಡಿ ಸ್ಟ್ಯಾಂಡಿನ ಮೇಲಿರುವಾಗ ನಟ್ಟುಗಳನ್ನು ಸಾಧಾರಣವಾಗಿ ಮಾತ್ರ ಬಿಗಿಯಬೇಕು. ಎರಡೂ ಬದಿ ಮುಗಿದ ಮೇಲೆ ಗಾಡಿಯನ್ನು ಇಳಿಸಿ, ಹಿಂಭಾಗವನ್ನು ಹತ್ತು ಹನ್ನೆರಡು ಸಲ ಅದುಮಿ, ಒಬ್ಬರು ಸೀಟಿನ ಮೇಲೆ ಕುಳಿತಿರುವಾಗ ಪೂರ್ತಿ ಬಿಗಿಯಬೇಕು. ಗಾಲಿ ಕೆಳಗೆ ತೂಗುತ್ತಿರುವಾಗಲೇ ಬಿಗಿದುಬಿಟ್ಟರೆ ಬುಶ್ಶಿನ ರಬ್ಬರು ಗಾಡಿ ನೆಲಕ್ಕೆ ಇಳಿದಾಗಲೆಲ್ಲ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಪಾನಾದ ಹಿಡಿಗೆ ಪೈಪು ಸಿಕ್ಕಿಸಿ ಬಲ ಹಾಕುವುದೂ ಬೇಡ.

ಬಿಗಿದು ಮುಗಿದ ಮೇಲೆ ಗಾಲಿ ಹಿಡಿದಿರುವ ಸ್ವಿಂಗ್ ಆರ್ಮ್ ಸಡಿಲವಾಗಿದೆಯೇ ಎಂದೂ ನೋಡಿಕೊಳ್ಳಿ. ಮತ್ತೆ ಸ್ಟ್ಯಾಂಡಿಗೆ ಹಾಕಿ, ಗಾಲಿಯ ಹಿಂತುದಿಯನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿದಾಗ ಕಟಕಟ ಎಂದರೆ ಅದರ ಬುಶ್ಶೋ ಗಾಲಿಯ ಬೇರಿಂಗೋ ಸವೆದಿದೆ. ಅದನ್ನು ಹಾಗೆಯೇ ಬಿಟ್ಟರೆ ಹೊಸ ಶಾಕಪ್ ಹಾಕಿಯೂ ಗಾಡಿ ತೇಲಾಡುವುದು ನಿಲ್ಲುವುದಿಲ್ಲ. ಹಿಂಭಾಗ ಈಗ ಎತ್ತರಕ್ಕೆ ಬಂದಿರುವುದರಿಂದ ಚೈನಿನ ಸಡಿಲನ್ನು ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಮತ್ತೆ ಅಳೆಯಬೇಕು. ಹೆಡ್‌ಲೈಟಿನ ಬೆಳಕೂ ಮೊದಲಿಗಿಂತ ಕೆಳಗೆ ಬೀಳುತ್ತದೆ, ಸಂಜೆ ಗೋಡೆಗೆ ಬಿಟ್ಟು ನೋಡಿ ಸರಿಪಡಿಸಿಕೊಳ್ಳಿ.

ಬಿಗಿತ ಬದಲಿಸುವ ಉಂಗುರದಲ್ಲಿ ಮೆಟ್ಟಿಲುಗಳು ಸಾಮಾನ್ಯವಾಗಿ ಮೂರರಿಂದ ಐದು ಇರುತ್ತವೆ. ಒಬ್ಬರೇ ಓಡಾಡುವವರು ಮೆತ್ತನೆಯ ಕಡೆಗೆ, ದಿನವೂ ಹಾಲಿನ ಕ್ಯಾನು ಒಯ್ಯುವವರು ಗಟ್ಟಿಯ ಕಡೆಗೆ ಇಡಬೇಕು. ಎರಡೂ ಬದಿ ಒಂದೇ ಮೆಟ್ಟಿಲಿನಲ್ಲಿರಲೇಬೇಕು. ಗಟ್ಟಿ ಮಾಡಿದರೆ ಹೆಚ್ಚು ಭಾರ ಹೇರಬಹುದೆಂದು ಕೆಲವರು ತಿಳಿದಿದ್ದಾರೆ; ಗಾಡಿ ಹೊರಬಲ್ಲ ಭಾರ ಅದರಿಂದ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ.

ಹಳೆಯ ಶಾಕಪ್‌ನ ಸ್ಪ್ರಿಂಗನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಅದನ್ನು ಒತ್ತಿ ಕೂರಿಸಿರುತ್ತಾರೆ, ಹಿಡಿತ ತಪ್ಪಿದರೆ ಮುಖಕ್ಕೇ ಚಿಮ್ಮುತ್ತದೆ. ಪಕ್ಕದಲ್ಲಿ ಗ್ಯಾಸಿನ ಡಬ್ಬಿಯಿರುವ ಶಾಕಪ್‌ಗಳನ್ನು ಬೆಂಕಿಗೆ ಹಾಕುವುದೂ ತೂತು ಕೊರೆಯುವುದೂ ಪ್ರಾಣಾಪಾಯದ ಕೆಲಸ. ಸೀಲು ಬದಲಿಸಿ ಎಣ್ಣೆ ತುಂಬಿಕೊಡುವವರು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. 1996ರವರೆಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಂಥ ಗಾಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಅದು ಒಳ್ಳೆಯ ದಾರಿ. ಆದರೆ ಬಿಡಿಭಾಗ ಸುಲಭವಾಗಿ ಸಿಗುವ ಗಾಡಿಗೆ ಹೊಸದನ್ನೇ ಹಾಕುವುದು ಮೇಲು. ನಡುವೆ ಒಂದೇ ಶಾಕಪ್ ಇರುವ ಗಾಡಿಯಾದರೆ ಅದನ್ನು ಬಿಚ್ಚಿದ ಕೂಡಲೇ ಹಿಂಭಾಗಕ್ಕೆ ಆಧಾರವೇ ಇರುವುದಿಲ್ಲವಾದ್ದರಿಂದ ಆ ಕೆಲಸವನ್ನು ಸರಿಯಾದ ಜಾಕ್ ಇರುವ ಮಿಸ್ತ್ರಿಗೇ ಬಿಡಿ.

ಇನ್ನೂರು ಕಿಲೋಮೀಟರ್ ಓಡಿದ ಮೇಲೆ ನಾಲ್ಕೂ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಮಳೆಗಾಲದಲ್ಲಿ ಹೊಲದಿಂದ ಬಂದ ದಿನ ಸ್ಪ್ರಿಂಗಿನ ನಡುವೆ ಸಿಕ್ಕ ಎರೆ ಮಣ್ಣನ್ನು ಅದು ಒಣಗುವುದಕ್ಕೆ ಮುಂಚೆಯೇ ಒಂದು ಚೊಂಬು ನೀರಿನಿಂದ ತೊಳೆದು, ಕೈಗೆಟುಕಿದಷ್ಟು ಕಡ್ಡಿಯನ್ನು ಬಟ್ಟೆಯಿಂದ ಒರೆಸಿಡಿ. ಒಣಗಿ ಗಟ್ಟಿಯಾದ ಆ ಮಣ್ಣೇ ಸೀಲಿನ ಅಂಚನ್ನು ಕೊಯ್ಯುವುದು.